ನನ್ನ ಎಡ ಸೊಂಟ ಮತ್ತು ಜಾಂಬೋಟಿ ಬಸ್ಸು

ಹೋದ ವಾರ ರಜೆ ಹಾಕಿ ಖಾನಾಪುರಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಕೂತು ಹೋಗುವುದು ನನಗೆ ಒಗ್ಗದ ಕೆಲಸ. ಕೈಗೆ ಏನಾದರೂ ಬೇಕು ಅನ್ನಿಸುತ್ತದೆ, ಬಾಯಿ ತಾನಾಗಿ 'ಒಳಗ ಸರೀರಿ' ಅನ್ನಲು ಹೊರಡುತ್ತದೆ. ಮಳೆಗೆ ನೆನೆದ ಸೀಟಿನ ರೆಕ್ಸಿನ್, ಒದ್ದೆ ಛತ್ರಿ, ಡೀಸೆಲ್ಲು ಎಲ್ಲ ಕೂಡಿದ ಆ ವಾಸನೆ ಮೂಗಿಗೆ ಬಡಿಯಿತು. ಎದುರಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ಕಂಡಕ್ಟರ್ ಹುಡುಗಿಯೊಬ್ಬಳು ಎಡ ಸೊಂಟ ಹೊರಗೆ ಚಾಚಿ ಸೀಟಿನ ಅಂಚಿಗೆ ಆನಿಸಿ, ಮೈಭಾರವೆಲ್ಲ ಎಡಗಾಲಿಗೆ ಬಿಟ್ಟು, ಎರಡೂ ಕೈಯಲ್ಲಿ ಟಿಕೆಟ್ ಮಷಿನ್ ಹಿಡಿದು ನಿಂತಿದ್ದಳು. ನೋಡಿ ಸುಮ್ಮನಿರಲಾಗಲಿಲ್ಲ.

"ತಂಗಿ, ಎರಡೂ ಕಾಲ ಮ್ಯಾಲ ನಿಂದ್ರವಾ. ಕಂಬಿ ಹಿಡ್ಕೋ," ಅಂದೆ.

"ನಿಮ್ಮ ಸ್ಟಾಪ್ ಯಾವುದ್ರಿ ಅಕ್ಕಾ?" ಅಂದಳು.

ಬಸ್ಸಿನಲ್ಲಿ ಉಪದೇಶ ಮಾಡುವವರಿಗೆಲ್ಲ ನಾನೂ ಇದೇ ಉತ್ತರ ಕೊಟ್ಟವಳು. ಕಿಟಕಿಯ ಕಡೆ ತಿರುಗಿದೆ. ದೇಸೂರು ದಾಟುವ ಹೊತ್ತಿಗೆ ನನಗೆ ಆ ಒಂದು ಮಳೆಗಾಲ ಪೂರ್ತಿಯಾಗಿ ನೆನಪಿಗೆ ಬಂದಿತ್ತು.

ಅದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ ಶುರುವಾದ ವರ್ಷ. ನನಗಾಗ ಐವತ್ತೊಂದು. ಬೆಳಗಾವಿಯಿಂದ ಖಾನಾಪುರ, ಅಲ್ಲಿಂದ ಜಾಂಬೋಟಿ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು ಬರುವ ಬಸ್ಸಿಗೆ ನಾನು ಕಂಡಕ್ಟರ್. ಡ್ರೈವರ್ ದಸ್ತಗೀರಣ್ಣ. ಒಂಬತ್ತು ವರ್ಷ ಅದೇ ದಾರಿಯಲ್ಲಿ ನಾವಿಬ್ಬರೂ ಜೋಡಿ. ಅವರು ಕನ್ನಡಿಯಲ್ಲಿ ಒಮ್ಮೆ ನೋಡಿದರೆ ಸಾಕು, ಹಿಂದೆ ಎಷ್ಟು ಜನ ಇಳಿಯುವವರಿದ್ದಾರೆಂದು ನಾನು ಬೆರಳಲ್ಲಿ ತೋರಿಸುತ್ತಿದ್ದೆ. ಹೆಚ್ಚು ಮಾತಿಲ್ಲ. ಮನೆಯಲ್ಲಿ ಉರ್ದು ಮಾತಾಡುವ ಮನುಷ್ಯ, ನನ್ನ ಜೊತೆ ಬೆಳಗಾವಿಯ ನಮ್ಮ ಖಾಸಬಾಗ ಓಣಿಯವರಂತೆಯೇ ಕನ್ನಡ ಮಾತಾಡುತ್ತಿದ್ದರು. ನನ್ನನ್ನು ತಂಗಿ ಅನ್ನುತ್ತಿದ್ದರು, ಸಿಟ್ಟು ಬಂದಾಗ ಮಾತ್ರ ಗಿರಿಜವ್ವ.

ಈ ಕೆಲಸಕ್ಕೆ ಸೇರುವ ಮುಂಚೆ ನನ್ನ ಮಾತಿಗೆ ಯಾವುದೂ ನಿಂತದ್ದಿಲ್ಲ, ಯಾವುದೂ ಹೊರಟದ್ದಿಲ್ಲ. ತವರಿನಲ್ಲಿ ಅಣ್ಣಂದಿರ ಮಾತು, ಇಲ್ಲಿ ಅತ್ತೆಯ ಮಾತು. ಮೊದಲ ದಿನ 'ಹೋಲ್ಡಾನ್' ಅಂದಾಗ ಅಷ್ಟು ದೊಡ್ಡ ಬಸ್ಸು ನಿಂತಿತು. 'ರೈಟ್' ಅಂದಾಗ ಹೊರಟಿತು. ಅವತ್ತು ಮನೆಗೆ ಬಂದು ಬಚ್ಚಲಲ್ಲಿ ಒಬ್ಬಳೇ ನಕ್ಕಿದ್ದೇನೆ. ಸಂಬಳಕ್ಕಿಂತ ನನಗೆ ಅದೇ ದೊಡ್ಡದಾಗಿತ್ತು, ಈಗಲೂ ಹೌದು.

ಕಂಬಿ ಹಿಡಿಯದೆ ನಿಲ್ಲುವುದು ನನ್ನ ಇನ್ನೊಂದು ಜಂಬ. ತರಬೇತಿ ಕೊಟ್ಟ ಹಿರಿಯರು ಹೇಳಿಕೊಟ್ಟದ್ದು ಅದು. "ಕಂಬಿ ಹಿಡಿದ್ರ ಒಂದ ಕೈ ಉಳಿತೈತಿ. ಕಂಡಕ್ಟರಗ ಎರಡೂ ಬೇಕು. ಸೀಟಿಗೆ ಸೊಂಟ ಕೊಡು, ಕೈ ಬಿಡು," ಅಂದಿದ್ದರು. ನಾನು ಇಪ್ಪತ್ತೆರಡು ವರ್ಷ ಸೀಟಿಗೆ ಎಡ ಸೊಂಟ ಕೊಟ್ಟೆ. ಎಂಥ ತಿರುವು ಬಂದರೂ, ಎಂಥ ಬ್ರೇಕು ಬಿದ್ದರೂ ಕೈ ಚಾಚಿದವಳಲ್ಲ. ಹೊಸಬರು ತೂರಾಡುವುದನ್ನು ನೋಡಿ ಮೀಸೆ ಇಲ್ಲದಿದ್ದರೂ ಮೀಸೆ ತಿರುವಿದವಳು ನಾನು.

ಆ ಜೂನಿನಲ್ಲಿ ಬಸ್ಸು ಹೆಂಗಸರಿಂದ ತುಂಬಿಹೋಯಿತು. ಹುಟ್ಟಿದ ಮೇಲೆ ಖಾನಾಪುರ ದಾಟದವರು ಬೆಳಗಾವಿಯ ಸಂತೆಗೆ, ಆಸ್ಪತ್ರೆಗೆ, ಮಗಳ ಮನೆಗೆ, ಏನೂ ಇಲ್ಲವೆಂದರೆ ಸುಮ್ಮನೆ ನೋಡಲಿಕ್ಕೆ ಹೊರಟರು. ದುಡ್ಡಿಲ್ಲದಿದ್ದರೂ ಪ್ರತಿಯೊಬ್ಬರಿಗೂ ಶೂನ್ಯ ಟಿಕೆಟ್ ಹರಿದು ಕೊಡಲೇಬೇಕು. ಕಾಲಿಡಲು ಜಾಗವಿಲ್ಲ. ಆ ಗದ್ದಲದಲ್ಲಿ ನಾನು ಸೊಂಟವನ್ನೇ ಗೂಟ ಮಾಡಿಕೊಂಡು ನಿಂತೆ. ಮೊದಲು ಎಡ ಸೊಂಟದ ಪಕ್ಕ, ಚಪ್ಪೆಯ ಎಲುಬಿನ ಹೊರಬದಿಗೆ ಒಂದು ಸಣ್ಣ ಉರಿ. ಆಮೇಲೆ ಮೆಟ್ಟಿಲು ಹತ್ತುವಾಗ ಚುಚ್ಚುವುದು. ಜುಲೈ ಬರುವಷ್ಟರಲ್ಲಿ ಎಡ ಮಗ್ಗುಲಾಗಿ ಮಲಗಲು ಆಗುತ್ತಿರಲಿಲ್ಲ. ಸೀರೆ ಉಡುವಾಗ ಒಂಟಿ ಕಾಲಲ್ಲಿ ನಿಲ್ಲಲು ಹೋದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಅದಕ್ಕೂ ಮುಂಚೆ ಒಂದು ವರ್ಷದಿಂದ ನನ್ನ ಮುಟ್ಟು ನಿಂತಿತ್ತು. ಪೀಡೆ ಕಳೆಯಿತು ಎಂದು ಖುಷಿಪಟ್ಟಿದ್ದೆ, ಆದರೆ ಅದು ಹೋಗುವಾಗ ನಿದ್ದೆಯನ್ನೂ ಒಯ್ದಿತ್ತು. ಹೊರಗೆ ಜಾಂಬೋಟಿಯ ಮಳೆ ಹೊಡೆಯುತ್ತಿದ್ದರೆ ಒಳಗೆ ನನಗೆ ಎದೆಯಿಂದ ಕಿವಿಯವರೆಗೆ ಧಗ್ಗನೆ ಝಳ ಏರುತ್ತಿತ್ತು. ಕಿಟಕಿಯ ಗಾಜು ಸರಿಸಿಬಿಡುತ್ತಿದ್ದೆ.

"ಅವ್ವಾರ, ಕಿಡಕಿ ಹಾಕ್ರಿ. ಧೋತರ ಹಿಂಡೂ ಹಂಗಾತು," ಎಂದು ಮುದುಕರೊಬ್ಬರು ದಿನಾ ಗೊಣಗುವರು.

"ಗಾಳಿ ಆಡ್ಲಿ ಬಿಡ್ರಿ ಅಜ್ಜಾ, ಇಷ್ಟ ಮಂದಿ ಅದಾರ," ಅನ್ನುವೆ ನಾನು. ಬೆವರು ಅಂತ ಹೇಳಲಿಕ್ಕೆ ನಾಚಿಕೆ. ಮಳೆಗಾಲದಲ್ಲಿ ಬೆವರುವ ಹೆಂಗಸನ್ನು ಜನ ಏನಂದುಕೊಂಡಾರು?

ಸೊಂಟಕ್ಕೆ ಆಗಲೇ ಎಲ್ಲರ ವೈದ್ಯವೂ ಆಗಿತ್ತು. ಓಣಿಯ ಮುದುಕಿಯೊಬ್ಬಳು ಬಿಸಿ ಎಣ್ಣೆ ಹಾಕಿ ನೋವಿನ ಜಾಗವನ್ನೇ ಹಿಮ್ಮಡಿಯಿಂದ ತುಳಿದಳು. ಗೆಳತಿಯೊಬ್ಬಳು ಫೋನಿನಲ್ಲಿ ನೋಡಿ ಕಾಲ ಮೇಲೆ ಕಾಲು ಹಾಕಿ ಎಳೆಯುವುದನ್ನು ಕಲಿಸಿದಳು. ಎಳೆದಾಗ ಹಿತವಾಗುತ್ತಿತ್ತು, ಮರುದಿನ ಎರಡರಷ್ಟು ನೋವು. ಎಕ್ಸ್‌ರೇ ತೆಗೆಸಿದರೆ ಎಲುಬು ಸರಿಯಿದೆ ಅಂದರು. ಎಲುಬು ಸರಿ ಇದ್ದಮೇಲೆ ನೋವು ನನ್ನ ನಾಟಕ ಎಂದಾಯಿತಲ್ಲ. ನನಗೇ ನನ್ನ ಮೇಲೆ ಅನುಮಾನ ಬಂತು.

ಕೊನೆಗೆ ಒಂದು ಅರ್ಜಿ ಬರೆದೆ. ರಸ್ತೆಯ ಡ್ಯೂಟಿಯಿಂದ ಬಿಡಿಸಿ ಡಿಪೋ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಕೊಡಬೇಕೆಂದು. ಕೊಡುವ ಮುಂಚೆ ದಸ್ತಗೀರಣ್ಣನಿಗೆ ತೋರಿಸಿದೆ, ಒಂಬತ್ತು ವರ್ಷದ ಜೋಡಿಗೆ ಹೇಳದೆ ಹೋಗುವುದು ಸರಿಯಲ್ಲ ಎಂದು. ಜಾಂಬೋಟಿಯಲ್ಲಿ ಬಸ್ಸು ನಿಂತಿತ್ತು. ಅವರು ಸ್ಟಿಯರಿಂಗ್ ಮೇಲೆ ಕಾಗದ ಇಟ್ಟುಕೊಂಡು ಎರಡು ಸಲ ಓದಿದರು, ಮಡಚಿ ವಾಪಸ್ಸು ಕೊಟ್ಟರು.

"ಮಳಿ ಮುಗೀಲಿ ತಂಗಿ. ಆಮ್ಯಾಲ ಕೊಡುವಂತಿ."

"ಮಳಿಗೂ ನನ್ನ ಸೊಂಟಕ್ಕೂ ಏನ ಸಂಬಂಧ ಅಣ್ಣಾ?"

"ಮಳಿಯಾಗ ಹೊಸಾ ಕಂಡಕ್ಟರ್ ಬಂದ್ರ ನನಗ ತ್ರಾಸ ಆಗ್ತೈತಿ," ಎಂದು ಹೊರಗೆ ನೋಡಿದರು.

ಎರಡು ದಿನದ ಮೇಲೆ ಬೆಳಗಾವಿ ಸ್ಟ್ಯಾಂಡಿನಲ್ಲಿ ಮುಂದಿನ ಸೀಟಿನಲ್ಲಿ ಅವರ ಹೆಂಡತಿ ಮೆಹರುನಬಿ ಕೂತಿದ್ದರು, ತೊಡೆಯ ಮೇಲೆ ಬುತ್ತಿಯ ಡಬ್ಬಿ.

"ಎಲ್ಲಿಗೆ ಕೊಡ್ಲಿ ಭಾಬಿ?" ಎಂದೆ, ಮಷಿನ್ ಹಿಡಿದು.

"ಕಡೀ ಸ್ಟಾಪಿಗೆ ಕೊಡವಾ. ನನಗ ಎಲ್ಲಿಗೂ ಹೋಗೂದಿಲ್ಲ, ನಿನ್ನ ಜೋಡಿ ಮಾತಾಡೂದೈತಿ. ಹೆಂಗೂ ಪುಕ್ಕಟ ಐತಲಾ."

ಜಾಂಬೋಟಿಯಲ್ಲಿ ಜನ ಇಳಿದ ಮೇಲೆ ಖಾಲಿ ಬಸ್ಸಿನಲ್ಲಿ ಡಬ್ಬಿ ಬಿಚ್ಚಿದರು. ದಸ್ತಗೀರಣ್ಣ ಟೈರು ನೋಡುವ ನೆಪ ಮಾಡಿ ಎಷ್ಟೋ ದೂರ ಹೋಗಿ ನಿಂತಿದ್ದರು. ಭಾಬಿ ನೇರವಾಗಿ ಕೇಳಿದರು.

"ಮುಟ್ಟ ನಿಂತು ಎಷ್ಟ ದಿನ ಆತು? ಮೈಯಾಗ ಬೆಂಕಿ ಬಿದ್ದಂಗ ಆಗ್ತೈತೇನು? ನಿದ್ದಿ?"

ವರ್ಷವಾಯಿತು ಅಂದೆ, ಉಳಿದೆರಡಕ್ಕೆ ತಲೆಯಾಡಿಸಿದೆ.

"ನನಗೂ ಹಿಂಗ ಆಗಿತ್ತು. ನಾಕು ವರ್ಷ ಯಾರದೋ ನಜರ್ ಆಗೇತಿ ಅಂತ ದಾರ ಕಟಿಗೊಂಡು ಅಡ್ಯಾಡಿದೆ. ನನ್ನಂಗ ನಾಕು ವರ್ಷ ಕಳೀಬ್ಯಾಡ. ಸೋಮವಾರ ನಿನಗ ರಜಾ ಐತಂತಲ್ಲ, ನಾ ಕರಕೊಂಡ ಹೋಗ್ತೀನಿ."

ಮಳೆಯಲ್ಲೂ ನಾನು ಕಿಟಕಿ ಸರಿಸುವುದನ್ನು ದಿನಾ ಕನ್ನಡಿಯಲ್ಲಿ ಕಂಡ ಗಂಡನ ಬಾಯಿಂದ ಬರಬಾರದ ಮಾತನ್ನು ಹೆಂಡತಿ ಬಂದು ಹೇಳಿದ್ದರು. ಅದಕ್ಕಾಗಿ ಅವರು ಮಳೆಯಲ್ಲಿ ಹೋಗಿಬರುವ ದಾರಿಯಷ್ಟನ್ನೂ ಕೂತು ಬಂದಿದ್ದರು.

ಬೆಳಗಾವಿಯ ಆ ಡಾಕ್ಟರಮ್ಮ ನನ್ನ ವಯಸ್ಸಿನವರೇ. ಅರ್ಧ ತಾಸು ಬರೀ ಪ್ರಶ್ನೆ ಕೇಳಿದರು. ಮನೆತನದಲ್ಲಿ ಎದೆಯ ಕ್ಯಾನ್ಸರ್ ಇದೆಯೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿತೇ. ಬಿ.ಪಿ. ನೋಡಿದರು, ಎದೆಯ ಫೋಟೊ ತೆಗೆಸಿದರು. ಮಗ್ಗುಲಾಗಿ ಮಲಗಿಸಿ ಚಪ್ಪೆಯ ಎಲುಬಿನ ಮೇಲೆ ಒಂದೇ ಬೆರಳು ಒತ್ತಿದರು. ನಾನು ಹಾಸಿಗೆಯಿಂದ ಎದ್ದೇಬಿಟ್ಟೆ.

"ಇದು ಎಲುಬಿನ ನೋವಲ್ರಿ. ಮಾಂಸಾನ ಎಲುಬಿಗೆ ಕಟ್ಟೂ ಹುರಿ ಇರ್ತೈತಲ್ಲ, ಟೆಂಡನ್ ಅಂತಾರ, ಅದು ದಣದೈತಿ. ನಿಮ್ಮ ವಯಸ್ಸಿನ ಹೆಣ್ಮಕ್ಕಳಿಗೆ ಭಾಳ ಬರ್ತೈತಿ. ಎಕ್ಸ್‌ರೇದಾಗ ಕಾಣೂದಿಲ್ಲ."

ನಾಟಕವಲ್ಲ ಎಂದು ಗೊತ್ತಾಗಿದ್ದಕ್ಕೇ ಅರ್ಧ ನೋವು ಇಳಿಯಿತು. ಆಮೇಲೆ ಹಾರ್ಮೋನಿನ ಮಾತು ಬಂತು. ಮೈಯಲ್ಲಿ ಕಡಿಮೆಯಾದದ್ದನ್ನು ಸ್ವಲ್ಪ ಸ್ವಲ್ಪ ಹೊರಗಿನಿಂದ ಕೊಡುವುದು. ದಿನಾ ಚರ್ಮಕ್ಕೆ ಹಚ್ಚುವ ಒಂದು ಜೆಲ್, ಗರ್ಭಕೋಶ ಇರುವುದರಿಂದ ಅದರ ರಕ್ಷಣೆಗೆ ಮಲಗುವಾಗ ಒಂದು ಗುಳಿಗೆ. ಎಲ್ಲರಿಗೂ ಇದು ಆಗಿಬರುವುದಿಲ್ಲವಂತೆ. ಮೆಹರುನಬಿಗೆ ಹಿಂದೊಮ್ಮೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದ ಅವರಿಗೆ ಕೊಡದೆ ಬೇರೆ ಔಷಧಿ ಕೊಟ್ಟಿದ್ದರಂತೆ.

"ಝಳ, ನಿದ್ದಿ ಇದರಿಂದ ಸುಧಾರಸ್ತಾವು. ಸೊಂಟಕ್ಕ ಒಂಚೂರು ಆಸರ ಆದೀತು, ಆದ್ರ ಜೆಲ್ ಒಂದರಿಂದನ ಸೊಂಟ ನೆಟ್ಟಗ ಆಗ್ತೈತಿ ಅಂತ ನಾ ಹೇಳೂದಿಲ್ಲ. ಸೊಂಟದ್ದು ವ್ಯಾಯಾಮದ ಕೆಲಸ. ಮೂರು ತಿಂಗಳರೆ ಬೇಕು," ಎಂದು ಪಕ್ಕದ ಕೋಣೆಗೆ ಕಳಿಸಿದರು.

ಅಲ್ಲಿದ್ದ ಫಿಜಿಯೊ ಹುಡುಗಿ ಖಾನಾಪುರದವಳು, ನನ್ನ ಬಸ್ಸಿನಲ್ಲೇ ಕಾಲೇಜಿಗೆ ಹೋದವಳು. "ಅಕ್ಕಾ, ಬಸ್ಸಿನ್ಯಾಗ ಹೆಂಗ ನಿಂದರ್ತೀರಿ, ತೋರಸ್ರಿ," ಅಂದಳು. ಟೇಬಲ್ಲಿನ ಅಂಚಿಗೆ ಸೊಂಟ ಕೊಟ್ಟು ಜಂಬದಿಂದ ನಿಂತು ತೋರಿಸಿದೆ. ಅವಳು ಹಣೆ ಹಿಡಿದುಕೊಂಡಳು. ಹಾಗೆ ಸೊಂಟ ಚಾಚಿ ನಿಂತಾಗಲೆಲ್ಲ ಆ ಹುರಿ ಎಲುಬಿಗೆ ಒತ್ತಿಕೊಳ್ಳುತ್ತದಂತೆ. ಎಳೆಯುವುದು, ತುಳಿಸಿಕೊಳ್ಳುವುದು, ಚಕ್ಕಳಮಕ್ಕಳ ಹಾಕುವುದು ಎಲ್ಲ ಸದ್ಯಕ್ಕೆ ಬಂದ್. ಮಲಗುವಾಗ ಮೊಣಕಾಲುಗಳ ನಡುವೆ ದಿಂಬು. ಓಡುವ ಬಸ್ಸಿನಲ್ಲಿ ಕೂರಬೇಕು. ನಿಲ್ಲಲೇಬೇಕಾದರೆ ಎರಡೂ ಕಾಲ ಮೇಲೆ ನಿಂತು ಕಂಬಿ ಹಿಡಿಯಬೇಕು. ಇಪ್ಪತ್ತೆರಡು ವರ್ಷ ನಾನು ಯಾವುದನ್ನು ಕಸುಬಿನ ಗತ್ತು ಅಂದುಕೊಂಡಿದ್ದೆನೋ ಅದೇ ನನ್ನನ್ನು ತಿಂದಿತ್ತು.

ಚಕ್ಕಳಮಕ್ಕಳ ಬಂದ್ ಎಂದಾಗ ಮುಂಜಾನೆಯ ಲಿಂಗಪೂಜೆಯ ಚಿಂತೆ ಹತ್ತಿತು. ಹುಟ್ಟಿದಾಗಿನಿಂದ ನೆಲದ ಮೇಲೆ ಕೂತು ಮಾಡಿದವಳು. ನಮ್ಮ ಮನೆಯವರು ಆಟೋ ನಗರದಲ್ಲಿ ಲೇತ್ ಮಷಿನ್ ಮೇಲೆ ಕೆಲಸ ಮಾಡುವವರು, ಯಾವುದಕ್ಕೂ ತಲೆ ಕೆಡಿಸಿಕೊಳ್ಳುವ ಜಾತಿಯಲ್ಲ.

"ಲಿಂಗ ಅಂಗೈ ಮ್ಯಾಲ ಇರ್ತೈತಿ, ಕಾಲಿನ ಮ್ಯಾಲ ಅಲ್ಲ. ಕುರ್ಚಿ ಮ್ಯಾಲ ಕುಂದ್ರು," ಅಂದರು. ತಾವೇ ಕುರ್ಚಿ ತಂದು ದೇವರ ಕೋಣೆಯಲ್ಲಿ ಇಟ್ಟರು.

ಹೀಗೆ ಬುದ್ಧಿವಂತರಂತೆ ಮಾತಾಡಿದ ಮನುಷ್ಯ ಮಾಡಿದ ಕೆಲಸ ಕೇಳಿ. ಜೆಲ್ಲನ್ನು ತೊಡೆಗೆ ತೆಳ್ಳಗೆ ಹಚ್ಚಿ ಒಣಗಲು ಬಿಡಬೇಕೆಂದು ಡಾಕ್ಟರು ಹೇಳಿದ್ದರು. ನಾನು ಮೊದಲ ವಾರ ಅದನ್ನು ನೋವಿನ ಜಾಗಕ್ಕೆ ಮುಲಾಮಿನಂತೆ ಗಸಗಸ ತಿಕ್ಕಿ ಮೇಲೆ ಬಿಸಿ ಬಟ್ಟೆ ಇಟ್ಟೆ. ಮನೆಗೆ ಬಂದ ಟ್ಯೂಬೆಲ್ಲ ನಮಗೆ ನೋವಿನ ಮುಲಾಮೇ. ಆದರೂ ಟ್ಯೂಬು ಲೆಕ್ಕಕ್ಕಿಂತ ಬೇಗ ಇಳಿಯುತ್ತಿತ್ತು. ಒಂದು ಸಂಜೆ ನೋಡಿದರೆ ಇವರು ಬನಿಯನ್ ಬಿಚ್ಚಿ ಕೂತು ಅದನ್ನು ಬಲ ಭುಜಕ್ಕೆ ತಿಕ್ಕಿಕೊಳ್ಳುತ್ತಿದ್ದಾರೆ.

"ಛಲೋ ಐತಿ ನೋಡ ಇದು. ಜಿಡ್ಡ ಇಲ್ಲ, ವಾಸನಿ ಇಲ್ಲ," ಅಂದರು.

ಅದು ಹೆಂಗಸರ ಹಾರ್ಮೋನು ಎಂದು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಅವರು ನಗು ತಡೆದುಕೊಂಡು, ಸೋಪು ಹಚ್ಚಿ ತೊಳೆಯಲು ಹೇಳಿ, ನಾಲ್ಕು ದಿನಕ್ಕೆ ಏನೂ ಆಗುವುದಿಲ್ಲ, ಇನ್ನು ಮುಟ್ಟಬಾರದು ಅಂದರು. ಮುಲಾಮಿನಂತೆ ತಿಕ್ಕಿದ್ದಕ್ಕೆ ನನಗೂ ಬೈದರು. ಇವರು ಆಮೇಲೆ ಒಂದು ವಾರ ದಿನಾ ಸ್ನಾನ ಮಾಡಿ ಕನ್ನಡಿಯ ಮುಂದೆ ನಿಂತು ಎದೆ ನೋಡಿಕೊಂಡರು. ನಾನು ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದು ನಕ್ಕಿದ್ದು ಆಗಲೇ.

ಆಗಸ್ಟ್ ಶುರುವಾಗುವಾಗ ನಮ್ಮ ಬಸ್ಸಿಗೆ ಒಂದು ರೋಗ ಬಂತು. ಬೆಳಗಾವಿ ಸ್ಟ್ಯಾಂಡಿನಲ್ಲಿ ಜನ ತುಂಬಿದ ಮೇಲೆ ದಸ್ತಗೀರಣ್ಣ ಕೀಲಿ ಮುಟ್ಟಿ, ತಲೆ ಕೊಡವಿ, "ಸೆಲ್ಫ್ ಹಿಡಿವಲ್ದು" ಅನ್ನುವರು. ಕೆಳಗಿಳಿದು ಮುಂದಿನ ಮುಚ್ಚಳ ಎತ್ತಿ ಒಳಗೆ ನೋಡುತ್ತ ನಿಲ್ಲುವರು. ನಾನು ಅಷ್ಟರಲ್ಲಿ ನಿಂತ ಬಸ್ಸಿನಲ್ಲಿ ನೆಟ್ಟಗೆ ನಡೆದು ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಿ ನನ್ನ ಸೀಟಿಗೆ ಬಂದು ಕೂರುತ್ತಿದ್ದೆ. ಕೂತ ಮೇಲೆ ಅವರು ಮತ್ತೆ ಹತ್ತಿ ಕೀಲಿ ತಿರುಗಿಸಿದರೆ ಗಾಡಿ ಶುರುವಾಗುತ್ತಿತ್ತು. ಖಾನಾಪುರದಲ್ಲೂ ಹಾಗೇ. ಜನ ಗೊಣಗುತ್ತಿದ್ದರು, ನಾನು ಅವರನ್ನು ಸಮಾಧಾನ ಮಾಡುತ್ತಿದ್ದೆ. ಮನೆಯಲ್ಲಿ ಕೇಳಿದರೆ ಇವರು, "ಮಳಿಗಾಲ, ಬ್ಯಾಟರಿ ಇಳದಿರಬೇಕು," ಅಂದರು. ನನ್ನ ಅದೃಷ್ಟಕ್ಕೆ ಗಾಡಿ ಕೆಟ್ಟಿದೆ ಅಂದುಕೊಂಡೆ, ಒಳಗೊಳಗೇ ಖುಷಿಪಟ್ಟೆ ಕೂಡ.

ಜಾಂಬೋಟಿಯಲ್ಲಿ ಬಸ್ಸು ನಿಂತಾಗ ನನ್ನ ವ್ಯಾಯಾಮ. ಬಸ್ಸಿನ ಮೆಟ್ಟಿಲನ್ನೇ ನಿಧಾನವಾಗಿ ಹತ್ತುವುದು, ಇಳಿಯುವುದು. ಹಿಂದಿನ ಏಣಿ ಹಿಡಿದು ಒಂದು ಕಾಲ ಮೇಲೆ ಸೊಂಟ ಸಮ ಇಟ್ಟು ನಿಲ್ಲುವುದು. ಸೊಪ್ಪು ಮಾರಲು ಬೆಳಗಾವಿಗೆ ಬರುತ್ತಿದ್ದ ಮರಾಠಿ ಮಾತಿನ ಸಖೂಬಾಯಿ ಬುಟ್ಟಿ ಇಳಿಸಿ ನೋಡುತ್ತ ನಿಂತಳು.

"ಬಾಯಿ, ಹೇ ಕಾಯ? ಏನ ಮಾಡಾಕತ್ತೀರಿ?"

ಹೇಳಿದೆ. ಮುಟ್ಟು ನಿಂತದ್ದು, ಝಳ, ಸೊಂಟ ಎಲ್ಲ. ಅದೇ ಮೊದಲ ಸಲ ಹೊರಗಿನವರ ಮುಂದೆ ಬಾಯಿಬಿಟ್ಟಿದ್ದು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಮಾಝೀ ಪಣ ಕಂಬರ ದುಖತೆ, ನನ್ನ ಸೊಂಟಾನೂ ನೋಯಿತೈತಿ," ಎಂದು ನನ್ನ ಪಕ್ಕ ಬಂದು ಏಣಿ ಹಿಡಿದಳು. ಅವಳ ಸೊಂಟದ್ದು ಬೇರೆ ನೋವು ಇರಬಹುದು, ಮೊದಲು ಡಾಕ್ಟರಿಗೆ ತೋರಿಸು ಎಂದು ಆಸ್ಪತ್ರೆಯ ದಾರಿ ಹೇಳಿದೆ. ಮುಂದಿನ ವಾರ ಅವಳು ಇನ್ನಿಬ್ಬರನ್ನು ಕರೆದುಕೊಂಡು ಹೋಗಿ ಬಂದಳು, ಮೂವರಿಗೂ ನಾನೇ ಶೂನ್ಯ ಟಿಕೆಟ್ ಹರಿದು ಕೊಟ್ಟೆ.

ಸೆಪ್ಟೆಂಬರಿಗೆ ಝಳ ಇಳಿಯಿತು. ನಿದ್ದೆ ಬಂತು. ಸೊಂಟವೂ ದಾರಿಗೆ ಬರುತ್ತಿತ್ತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಖಾನಾಪುರದ ಮಲಪ್ರಭಾ ಸೇತುವೆಯ ಹತ್ತಿರ ದನ ಅಡ್ಡ ಬಂದು ಬ್ರೇಕು ಬಿತ್ತು. ನಾನು ಮರೆತು ಹಳೆಯ ಚಾಳಿಯಂತೆ ನಿಂತಿದ್ದೆ. ಎಡ ಸೊಂಟ ಸೀಟಿನ ಕಬ್ಬಿಣಕ್ಕೆ ಹೋಗಿ ಬಡಿಯಿತು. ಮರುದಿನ ಏಳಲಾಗಲಿಲ್ಲ. ಎರಡು ತಿಂಗಳು ಕಷ್ಟಪಟ್ಟದ್ದೆಲ್ಲ ನೀರಿಗೆ ಹೋಯಿತು ಅನ್ನಿಸಿತು. ಫಿಜಿಯೊ ಹುಡುಗಿ ಫೋನಿನಲ್ಲಿ, "ಹಿಂಗ ಆಗ್ತಿರ್ತೈತಿ ಅಕ್ಕಾ, ಎರಡ ದಿನ ಹಗುರ ಮಾಡಿ ಮತ್ತ ಶುರು ಮಾಡ್ರಿ," ಅಂದಳು. ನನಗೆ ಕೇಳುವ ತಾಳ್ಮೆ ಇರಲಿಲ್ಲ. ಅರ್ಜಿ ತೆಗೆದುಕೊಂಡು ಕುಂಟುತ್ತ ಡಿಪೋಗೆ ಹೋದೆ.

ಕ್ಲರ್ಕ್ ನನ್ನನ್ನು ಕೂರಿಸಿ, ಅರ್ಜಿಗೆ ಕೈ ಚಾಚುವ ಮುಂಚೆ ಬೇರೆಯದೇ ಕೇಳಿದರು.

"ಅಕ್ಕಾರ, ಒಂದ ಮಾತ ಹೇಳ್ರಿ. ನಿಮ್ಮ ಗಾಡೀದು ಸೆಲ್ಫ್ ಖರೇನ ಕೆಟ್ಟೈತೇನು? ಮೆಕ್ಯಾನಿಕ್ ಎರಡ ಸಲ ಬಿಚ್ಚಿ ನೋಡಿದ, ಏನೂ ಇಲ್ಲ. ಗಾಡಿನ ಬದಲಿ ಮಾಡಿ ಕೊಟ್ವಿ. ಆ ಗಾಡಿಗೂ ಅದ ರೋಗ ಬಂತು."

ಎದುರಿಗೆ ದಸ್ತಗೀರಣ್ಣನ ಫೈಲು ಬಿಚ್ಚಿತ್ತು. ತಡವಾಗಿ ಬಿಟ್ಟದ್ದಕ್ಕೆ ಒಂದರ ಮೇಲೊಂದು ಮೆಮೊ. ಪ್ರತಿಯೊಂದಕ್ಕೂ ಅವರ ಗುಂಡು ಅಕ್ಷರದ ಉತ್ತರ, 'ಸೆಲ್ಫ್ ದೋಷ, ತಪ್ಪು ನನ್ನದು'. ಸ್ವಾತಂತ್ರ್ಯ ದಿನ ಡಿಪೋದಲ್ಲಿ ಒಳ್ಳೆಯ ಡ್ರೈವರುಗಳಿಗೆ ಕೊಡುವ ಪ್ರಮಾಣಪತ್ರ ಅವರಿಗೆ ಪ್ರತಿ ವರ್ಷ ಬರುತ್ತಿತ್ತು, ಮನೆಯ ಗೋಡೆಯ ತುಂಬ ಚೌಕಟ್ಟು ಹಾಕಿಸಿದ್ದರು. ಆ ವರ್ಷ ಅವರ ಹೆಸರು ಕರೆಯಲಿಲ್ಲ. ನಾನು ಅಲ್ಲೇ ಚಪ್ಪಾಳೆ ತಟ್ಟುತ್ತ ನಿಂತಿದ್ದೆ, ಯಾಕೆಂದು ಕೇಳಿರಲಿಲ್ಲ. ಮುಂದಿನ ವರ್ಷ ಅವರು ನಿವೃತ್ತರಾಗುವವರಿದ್ದರು.

ನಿಂತ ಬಸ್ಸಿನಲ್ಲಿ ನಾನು ಟಿಕೆಟ್ ಮುಗಿಸಿ ಕೂರಲಿ ಎಂದೇ ಅವರು ಗಾಡಿ ತಡೆಯುತ್ತಿದ್ದರು. ತಡವಾದದ್ದು ನನ್ನಿಂದ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಟ್ಟೆ. ಅರ್ಜಿಯನ್ನು ಕೊಡದೆ ಎದ್ದು ಬಂದೆ.

ನಾಲ್ಕು ದಿನ ರಜೆ ಹಾಕಿ, ಹುಡುಗಿ ಹೇಳಿದಂತೆ ಹಗುರವಾಗಿ ಮತ್ತೆ ಮೊದಲಿನಿಂದ ಶುರು ಮಾಡಿ, ಐದನೆಯ ದಿನ ಡ್ಯೂಟಿಗೆ ಹೋದೆ. ಬೆಳಗಾವಿ ಸ್ಟ್ಯಾಂಡು, ಬಸ್ಸಿನ ತುಂಬ ಹೆಂಗಸರು. ದಸ್ತಗೀರಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದರು, ಕೀಲಿ ಮುಟ್ಟಿದರು, ತಲೆ ಕೊಡವಿದರು. ನಾನು ಮುಂದೆ ಹೋಗಿ ಅವರ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತೆ.

"ಅಣ್ಣಾ, ನಿಮ್ಮ ಫೈಲ್ ನೋಡಿದೆ."

ಅವರು ಎದುರಿನ ಗಾಜನ್ನು ಬಟ್ಟೆಯಿಂದ ಒರೆಸತೊಡಗಿದರು. ಮಳೆ ನಿಂತು ನಾಲ್ಕಾರು ದಿನವಾಗಿತ್ತು.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಆ ಅರ್ಜಿ ಅವತ್ತ ಕೊಟ್ಟಬಿಡತಿದ್ದಿ, ಗಿರಿಜವ್ವಾ."

ಅದು ನಿಜ. ಅವತ್ತೇ ಕೊಟ್ಟುಬಿಡುತ್ತಿದ್ದೆ.